ಅಣೆಕಟ್ಟಿನ ಲೆಕ್ಕದಲ್ಲಿ ಬರೆಯದ ಖರ್ಚು

(ಇರಕಲ್ಲಗಡದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಡಿ ಪ್ರದೇಶದ ಅಭಿವೃದ್ಧಿ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಇರಕಲ್ಲಗಡ ಇಂದು ಯಾವ ರಾಜ್ಯದ ಗಡಿಯಲ್ಲೂ ಇಲ್ಲ. ಆದರೆ 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ತುಂಗಭದ್ರೆ ದಾಟಿ ಹೊಸಪೇಟೆಗೆ ಕಾಲಿಟ್ಟರೆ ಅದು ಬ್ರಿಟಿಷರ ಮದರಾಸು ಪ್ರಾಂತ. ಹೊಳೆಯೇ ಗಡಿಯಾಗಿತ್ತು. ಆ ಗಡಿಯ ಹೊಳೆಗೆ ಕಟ್ಟಿದ ಅಣೆಕಟ್ಟೇ ನಮ್ಮ ಭಾಗದ ಅತಿ ದೊಡ್ಡ ಅಭಿವೃದ್ಧಿ ಕಾರ್ಯ. ಅದರ ಲಾಭವನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೆ ಸಾರ್ವಜನಿಕರು ತೆತ್ತ ಬೆಲೆ ಏನು, ತೆತ್ತವರು ಯಾರು ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ತುಂಗಭದ್ರೆಗೆ ಕಟ್ಟೆ ಕಟ್ಟುವ ಆಲೋಚನೆ 1860ರಷ್ಟು ಹಳೆಯದು. ಇಂಜಿನಿಯರ್ ಆರ್ಥರ್ ಕಾಟನ್ ಅವರದು. 1876-78ರ ಭೀಕರ ಕ್ಷಾಮ ಬಳ್ಳಾರಿ, ರಾಯಚೂರು, ರಾಯಲಸೀಮೆಗಳನ್ನು ಅಲ್ಲಾಡಿಸಿದ ಮೇಲೆ ಅದರ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಆದರೂ ಕೆಲಸ ಶುರುವಾಗಲು ಎಂಬತ್ತೈದು ವರ್ಷ ಬೇಕಾಯಿತು. ಹೊಳೆಯ ಒಂದು ದಂಡೆ ಒಬ್ಬರದು, ಇನ್ನೊಂದು ದಂಡೆ ಮತ್ತೊಬ್ಬರದು. ನೀರಿನ ಪಾಲು ಬಗೆಹರಿಯಲೇ ಇಲ್ಲ. 1944ರಲ್ಲಿ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಒಪ್ಪಂದಕ್ಕೆ ಬಂದವು. 1945ರ ಫೆಬ್ರುವರಿ 28ರಂದು ಅತ್ತ ಮದರಾಸಿನ ಗವರ್ನರ್, ಇತ್ತ ನಿಜಾಮರ ಹಿರಿಯ ಮಗ, ಒಂದೇ ಕಟ್ಟೆಗೆ ಎರಡು ಕಡೆ ಅಡಿಗಲ್ಲು ಹಾಕಿದರು. 1953ರಲ್ಲಿ ಕಾಲುವೆಗೆ ನೀರು ಹರಿಯಿತು.

ಗಡಿ ತಂದ ವಿಳಂಬವೇ ಮೊದಲ ಖರ್ಚು. ಆ ಎಂಬತ್ತೈದು ವರ್ಷಗಳಲ್ಲಿ ಬಂದ ಬರಗಾಲಗಳ ಲೆಕ್ಕ ಯೋಜನೆಯ ಯಾವ ವೆಚ್ಚಪಟ್ಟಿಯಲ್ಲೂ ಇಲ್ಲ.

ಎರಡನೆಯದು ಮುಳುಗಿದ ಊರುಗಳು. ಸುಮಾರು 90 ಹಳ್ಳಿಗಳು ನೀರಿನಡಿಗೆ ಹೋದವು. 50 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ನಾರಾಯಣದೇವರಕೆರೆಯಂಥ ದೊಡ್ಡ ಊರೇ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಂಡರು. ಮನೆಗೆ, ಹೊಲಕ್ಕೆ ಬೆಲೆ ಕಟ್ಟಬಹುದು. ನೆರೆಹೊರೆ, ಗುಡಿ, ಗೋಮಾಳ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಇವಕ್ಕೆ ಬೆಲೆ ಕಟ್ಟುವ ಅಧಿಕಾರಿ ಯಾರು?

ಮೂರನೆಯದು ನೀರಿನ ಹಂಚಿಕೆ. ಮೂಲ ಯೋಜನೆಯ ಉದ್ದೇಶ ಬರದಿಂದ ರಕ್ಷಣೆ. ಜೋಳ, ಹತ್ತಿಯಂಥ ಬೆಳೆಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಹೆಚ್ಚು ಹೊಲಗಳನ್ನು ಉಳಿಸಬೇಕೆಂಬುದು ಲೆಕ್ಕಾಚಾರ. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಗಂಗಾವತಿ, ಕಾರಟಗಿಗಳು ಭತ್ತದ ಕಣಜವೆನಿಸಿದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಅಕ್ಕಿ ಗಿರಣಿಗಳು ಸಾಲುಗಟ್ಟಿದವು. ಅದೇ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರು ಇಂದಿಗೂ ನೀರಿಗಾಗಿ ಧರಣಿ ಕೂರುತ್ತಾರೆ. ಮೇಲೆ ನೀರು ಹೆಚ್ಚಾಗಿ ಭೂಮಿ ಸವಳು-ಜವಳಾಯಿತು. ಕೆಳಗೆ ನೀರಿಲ್ಲದೆ ಬೆಳೆ ಒಣಗಿತು.

ಮತ್ತೆ ಇರಕಲ್ಲಗಡ? ನಿಮ್ಮ ಕೋಟೆಯ ಬೆಟ್ಟದ ಸುತ್ತಲಿನ ಈ ಎತ್ತರದ ಹೊಲಗಳಿಗೆ ಕಾಲುವೆಯ ನೀರು ಹತ್ತಲಿಲ್ಲ. ಕುಷ್ಟಗಿ, ಯಲಬುರ್ಗಿ ಕಡೆಯದೂ ಬಹುಮಟ್ಟಿಗೆ ಇದೇ ಕತೆ. ರೈತರು ಕೊಡುವ ನೀರಿನ ಕರ ಕಾಲುವೆಯ ದುರಸ್ತಿಗೂ ಸಾಲುವುದಿಲ್ಲ. ಉಳಿದದ್ದು ಸರ್ಕಾರದ ಬೊಕ್ಕಸದಿಂದ ಬರಬೇಕು. ಬೊಕ್ಕಸ ತುಂಬುವವರು ಯಾರು? ಅಂಗಡಿಯಲ್ಲಿ ಸೋಪು, ಬೆಂಕಿಪೊಟ್ಟಣ ಕೊಳ್ಳುವ ಪ್ರತಿಯೊಬ್ಬರೂ. ಅಂದರೆ ಮಳೆಯನ್ನೇ ನಂಬಿ ಸಜ್ಜೆ ಬಿತ್ತುವವನು, ಭತ್ತ ಬೆಳೆಯುವವನ ನೀರಿಗೆ ತನ್ನ ಪಾಲು ಕೊಡುತ್ತಲೇ ಬಂದಿದ್ದಾನೆ. ನಾಟಿ ಕಾಲಕ್ಕೆ ಅದೇ ಗದ್ದೆಗೆ ಕೂಲಿಗೆ ಹೋಗುತ್ತಾನೆ. ಅಲ್ಲಿಯೂ ಕೆಲಸ ಇಲ್ಲವಾದರೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುತ್ತಾನೆ.

ನಾಲ್ಕನೆಯ ಖರ್ಚು ಮುಂದಿನವರ ತಲೆಯ ಮೇಲೆ ಬಿದ್ದದ್ದು. ಕಟ್ಟಿದಾಗ ಜಲಾಶಯ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು ಈಗ 105ಕ್ಕೆ ಇಳಿದಿದೆ. ಕಳೆದುಕೊಂಡ ನೀರಿಗೆ ಬದಲಾಗಿ ನವಲಿ ಬಳಿ ಇನ್ನೊಂದು ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಅದಕ್ಕೆ ಮತ್ತೆ ಭೂಮಿ ಬೇಕು, ಹಣ ಬೇಕು, ನೆರೆರಾಜ್ಯಗಳ ಒಪ್ಪಿಗೆಯೂ ಬೇಕು. 1956ರಲ್ಲಿ ರಾಜ್ಯಗಳ ಗಡಿ ಸರಿದು ಎರಡೂ ದಂಡೆ ನಮ್ಮವೇ ಆದವು. ಆದರೆ ನೀರಿನ ಹಕ್ಕಿನ ಗಡಿ ಹಾಗೇ ಉಳಿಯಿತು. ಬಳಕೆಗೆಂದು ಹಂಚಿದ 212 ಟಿಎಂಸಿಯಲ್ಲಿ ಕರ್ನಾಟಕಕ್ಕೆ 138.99, ಮಿಕ್ಕದ್ದು ಆಂಧ್ರಪ್ರದೇಶ, ತೆಲಂಗಾಣಗಳದು. ಉಸ್ತುವಾರಿ ಮೂರು ರಾಜ್ಯಗಳೂ ಕೇಂದ್ರವೂ ಸೇರಿದ ತುಂಗಭದ್ರಾ ಮಂಡಳಿಯದು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ತುಂಬಿ ನಿಂತಿದ್ದ ನೀರು ಹೊಳೆಗೆ ಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ ಕೆಲಸಗಾರರಿಗೆ ನಮಸ್ಕಾರ ಹೇಳಲೇಬೇಕು. ಆದರೆ 33 ಗೇಟುಗಳೂ ಎಪ್ಪತ್ತು ವರ್ಷ ಹಳೆಯವಾಗಿದ್ದವು ಎಂಬುದು ಆ ರಾತ್ರಿ ತಿಳಿದ ಸಂಗತಿಯಲ್ಲ. ಪಾಲು ಕೇಳುವಾಗ ಎಲ್ಲರೂ ಮುಂದೆ. ದುರಸ್ತಿಯ ಮಾತು ಬಂದಾಗ ಎಲ್ಲರೂ ಹಿಂದೆ. ಹತ್ತು ಜನರ ಎತ್ತು ಹಸಿದು ಸತ್ತ ಹಾಗೆ.

ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿದೆ, ವಿದ್ಯುತ್ತು ಕೊಟ್ಟಿದೆ. ನನ್ನ ಮಾತು ಇಷ್ಟೇ: ಲಾಭ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬಿದ್ದಾಗ ಆ ಖರ್ಚನ್ನು ಬರೆದಿಡುವವರೇ ಇರುವುದಿಲ್ಲ.

ಈ ಮಾತು ಇಂದು ಏಕೆ ಬೇಕು? ಈಗ ಮತ್ತೆ ನಮ್ಮ ಭಾಗಕ್ಕೆ ಹಣ ಬರುತ್ತಿದೆ. 371(ಜೆ) ವಿಧಿಗೆ 2012ರ ಕೊನೆಯಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಮರುವರ್ಷ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2024-25ರ ಬಜೆಟ್ಟಿನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಅತ್ತ 1990ರ ದಶಕದಿಂದ ಕೊಪ್ಪಳ–ಹೊಸಪೇಟೆ ನಡುವೆ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಬೆಳೆದಿವೆ. ಉದ್ಯೋಗ ಬಂದಿದೆ, ಬೆಳೆಯ ಮೇಲೆ ಕೂರುವ ಕರಿ ಬೂದಿಯ ದೂರೂ ಬಂದಿದೆ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೂ ಜನರೊಂದಿಗೆ ನಿಂತರು. ಅಂದು ಜನ ಕೇಳಿದ್ದು ಖರ್ಚಿನ ಲೆಕ್ಕವನ್ನೇ.

ಇನ್ನು ಮುಂದೆ ಯಾವುದೇ ಯೋಜನೆ ಬಂದರೂ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಭೂಮಿ ಕೊಡುವವರು ಯಾರು? ಲಾಭ ಪಡೆಯುವವರು ಯಾರು? ಮೂವತ್ತು ವರ್ಷದ ಮೇಲೆ ದುರಸ್ತಿಗೆ ಹಣ ಹಾಕುವವರು ಯಾರು? ಕೆಟ್ಟ ನೆಲ, ನೀರು, ಗಾಳಿಗೆ ಹೊಣೆ ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನಮ್ಮ ಅಜ್ಜಂದಿರಿಗೆ 1945ರಲ್ಲಿ ಹೀಗೆ ಕೇಳುವ ಅವಕಾಶವಿರಲಿಲ್ಲ. ನಮಗಿದೆ.