ಬಂದವರನ್ನು ಎಣಿಸಿ, ಬೆನ್ನು ಹತ್ತಬೇಡಿ!

(ಜಾಲತಾಣ ನಡೆಸುವ ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಮನೆ ಬಾಗಿಲಿಗೆ ಯಾರೇ ಬರಲಿ, ಕುಡಿಯಲು ನೀರು ಕೊಟ್ಟು ನಾವು ಕೇಳುವ ಮೊದಲ ಮಾತು ಯಾವುದು? “ಯಾವೂರಾಯ್ತು?” ಕೇಳುವುದು ತಪ್ಪಲ್ಲ. ಅದು ನಮ್ಮ ವಾಡಿಕೆ. ಆದರೆ ನೀರು ಕುಡಿಯುತ್ತಿರುವವನ ಚೀಲ ತಡಕಿದರೆ? ಅವನು ಎದ್ದು ಹೋದ ಮೇಲೆ ಯಾವ ಬೀದಿಗೆ ತಿರುಗಿದ, ಯಾವ ಅಂಗಡಿ ಹೊಕ್ಕ ಎಂದು ನೋಡಿಬರಲು ಹಿಂದೆ ಆಳು ಬಿಟ್ಟರೆ? ಅದಕ್ಕೆ ಅತಿಥಿ ಸತ್ಕಾರ ಎನ್ನುತ್ತಾರೆಯೇ?

ನಮ್ಮ ಜಾಲತಾಣಗಳಲ್ಲಿ ನಾವು ಮಾಡುತ್ತಿರುವುದು ಇದನ್ನೇ! ಬೇಕೆಂದು ಮಾಡುತ್ತಿಲ್ಲ, ತಿಳಿಯದೆ ಮಾಡುತ್ತಿದ್ದೇವೆ. ತಿಳಿಯದೆ ಮಾಡಿದರೂ ತಪ್ಪು ತಪ್ಪೇ.

ನನ್ನ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ತಾಣವೊಂದರಲ್ಲಿ, ಕೆಲಸದ ಜಾಗದಲ್ಲಿ ಕನ್ನಡಕ್ಕೆ ತೊಂದರೆಯಾದರೆ ದೂರು ಬರೆಯುವುದು ಹೇಗೆ ಎಂಬ ಪುಟವಿತ್ತು. ಎಷ್ಟು ಜನ ಓದುತ್ತಾರೆ ಎಂಬ ಕುತೂಹಲಕ್ಕೆ, ಪುಕ್ಕಟೆ ಸಿಗುವ ಹೊರಗಿನ ಎಣಿಕೆಯ ತುಣುಕೊಂದನ್ನು ಅಂಟಿಸಿದ್ದೆ. ಒಂದು ರಾತ್ರಿ ಫೋನ್ ಬಂತು. ಆ ಕಡೆ ಒಬ್ಬ ಹೆಣ್ಣುಮಗಳು, ಕಚೇರಿಯೊಂದರ ಗುಮಾಸ್ತೆ. “ಅಣ್ಣ, ನಿಮ್ಮ ಪುಟ ನಾನು ತೆರೆದು ಓದಿದ್ದು ಯಾರಿಗೆಲ್ಲಾ ಗೊತ್ತಾಗುತ್ತೆ?” ಎಂದು ಕೇಳಿದರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಯಾಕೆಂದರೆ ನನಗೇ ಗೊತ್ತಿರಲಿಲ್ಲ! ನನ್ನನ್ನು ನಂಬಿ ಬಂದವರ ಗುರುತನ್ನು ನಾನು ಯಾರ ಕೈಗೆ ಕೊಟ್ಟೆ ಎಂಬುದೇ ನನಗೆ ತಿಳಿಯದು. ಆ ರಾತ್ರಿ ಕಲಿಯಲು ಶುರುಮಾಡಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಾಗಾದರೆ ಎಣಿಸುವುದೇ ಬೇಡವೇ? ಬೇಕು. ಖಂಡಿತ ಬೇಕು. ಮುಂಬಯಿಯಲ್ಲಿ ಓದುಗರಿದ್ದಾರೆಯೇ, ಕಾಸರಗೋಡಿನಲ್ಲಿ ಇದ್ದಾರೆಯೇ, ದುಬೈಯಲ್ಲಿ ಇದ್ದಾರೆಯೇ ಎಂದು ತಿಳಿಯದೆ ಯಾರಿಗೆಂದು ಬರೆಯುತ್ತೀರಿ? ಕನ್ನಡದಲ್ಲಿ ಓದುವವರೇ ಇಲ್ಲ ಎಂದು ಸಬೂಬು ಹೇಳುವವರಿಗೆ ಯಾವ ಲೆಕ್ಕ ತೋರಿಸುತ್ತೀರಿ? ಮದುವೆ ಮನೆಯಲ್ಲಿ ಎಷ್ಟು ಜನ ಉಂಡರು ಎಂದು ತಿಳಿಯಲು ಅಡಿಗೆಯವರು ಉಂಡ ಎಲೆ ಎಣಿಸುತ್ತಾರೆ. ಉಂಡವರ ಜಾತಕ ಕೇಳುವುದಿಲ್ಲ. ನಮಗೆ ಬೇಕಾಗಿರುವುದು ಎಲೆಯ ಲೆಕ್ಕ. ಅಷ್ಟೇ.

ಮೊದಲು ನಡೆಯುವುದೇನು ಎಂದು ತಿಳಿಯಿರಿ. ನೀವು ಒಂದು ಪುಟ ತೆರೆದ ಕೂಡಲೇ ನಿಮ್ಮ ಬ್ರೌಸರ್ ಆ ತಾಣದ ಸರ್ವರಿಗೆ ನಾಲ್ಕು ಸಂಗತಿ ಮುಟ್ಟಿಸುತ್ತದೆ. ಒಂದು, ನಿಮ್ಮ ಸಂಪರ್ಕದ ಐಪಿ ವಿಳಾಸ. ಎರಡು, ಯಾವ ಕೊಂಡಿ ಒತ್ತಿ ಬಂದಿರಿ ಎಂಬ ಸುಳಿವು. ಇದಕ್ಕೆ ‘ರೆಫರರ್’ ಎನ್ನುತ್ತಾರೆ. 1996ರ ಎಚ್‌ಟಿಟಿಪಿ ನಿಯಮಪತ್ರದಲ್ಲಿ ಈ ಪದದ ಇಂಗ್ಲಿಷ್ ಕಾಗುಣಿತವೇ ತಪ್ಪಾಗಿ ಅಚ್ಚಾಯಿತು, ಆ ತಪ್ಪು ಇಂದಿಗೂ ಹಾಗೆಯೇ ನಡೆದಿದೆ! ಮೂರು, ನೀವು ಬಯಸುವ ಭಾಷೆ. ನಾಲ್ಕು, ಬ್ರೌಸರಿನ ಹೆಸರು. ಭಾಷೆಯ ಹೊರತು ಉಳಿದವು ಸಾಮಾನ್ಯವಾಗಿ ಸರ್ವರಿನ ದಿನಚರಿಯಲ್ಲಿ, ಅಂದರೆ ‘ಲಾಗ್’ನಲ್ಲಿ, ಸಾಲಾಗಿ ಬರೆದುಕೊಳ್ಳುತ್ತದೆ. ಇಲ್ಲಿಯವರೆಗೆ ಮಾತು ಇಬ್ಬರ ನಡುವಿನದು. ಓದುಗ ಮತ್ತು ತಾಣ.

ಹೊರಗಿನ ತುಣುಕು ಅಂಟಿಸಿದ ಕ್ಷಣ ಮೂರನೆಯವನು ಒಳಗೆ ಬರುತ್ತಾನೆ. 2005ರ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಪುಕ್ಕಟೆಯಾಗಿ ಬಂದಾಗಿನಿಂದ ಇದೇ ಲೋಕರೂಢಿಯಾಯಿತು. ಅದೇ ಮೂರನೆಯವನು ಸಾವಿರಾರು ತಾಣಗಳಲ್ಲಿ ಕುಳಿತಿದ್ದರೆ, ಒಬ್ಬನೇ ಓದುಗ ಇಲ್ಲಿ ಏನು ಓದಿದ, ಅಲ್ಲಿ ಏನು ಕೊಂಡ ಎಂದು ಹೆಣೆಯಲು ಎಷ್ಟು ಹೊತ್ತು? 2022ರಲ್ಲಿ ಆಸ್ಟ್ರಿಯಾ ಮತ್ತು ಫ್ರಾನ್ಸ್‌ನ ಖಾಸಗಿತನ ಪ್ರಾಧಿಕಾರಗಳು, ತಮ್ಮಲ್ಲಿಗೆ ಬಂದ ದೂರುಗಳ ಮೇಲೆ, ಈ ಸಾಧನದ ಮೂಲಕ ಓದುಗರ ಮಾಹಿತಿ ಅಮೆರಿಕಕ್ಕೆ ಹೋಗುವುದು ಯುರೋಪಿನ ಕಾನೂನಿಗೆ ವಿರುದ್ಧ ಎಂದವು. 2023ರ ಜುಲೈನಲ್ಲಿ ಯುರೋಪು ಮತ್ತು ಅಮೆರಿಕದ ನಡುವೆ ಹೊಸ ಏರ್ಪಾಡು ಬಂತು, ಅದು ಬೇರೆ ಮಾತು. ಓದುಗನ ವಿಳಾಸ ಓದುಗನ ಸ್ವತ್ತು ಎಂಬ ಮಾತು ಮಾತ್ರ ಅಲ್ಲಿ ಗಟ್ಟಿಯಾಯಿತು.

ಇನ್ನು ‘ಯಾವೂರು’ ಎಂಬ ಪ್ರಶ್ನೆ. ಐಪಿ ವಿಳಾಸ ನೋಡಿ ಊರು ಹೇಳುವುದು ಶಾಸ್ತ್ರವಲ್ಲ, ಊಹೆ. ದೇಶ ಬಹುಮಟ್ಟಿಗೆ ಸರಿ ಇರುತ್ತದೆ. ಊರಿನ ಮಾತು ಬಂದರೆ ನಂಬಬೇಡಿ. ಮೊಬೈಲ್ ಜಾಲಗಳಲ್ಲಿ ಅಸಂಖ್ಯ ಜನ ಒಂದೇ ವಿಳಾಸದ ಹಿಂದೆ ಇರುತ್ತಾರೆ. ರಾಯಚೂರಿನಲ್ಲಿ ಕುಳಿತವರನ್ನು ಲೆಕ್ಕ ಬೆಂಗಳೂರಿನವರೆಂದು ತೋರಿಸಬಹುದು. ಈ ಊಹೆ ಎಂಥ ಅನಾಹುತ ಮಾಡುತ್ತದೆ ಎಂಬುದಕ್ಕೆ ಒಂದು ನಡೆದ ಕಥೆ ಕೇಳಿ. ಅಮೆರಿಕದ ಕನ್ಸಾಸ್ ರಾಜ್ಯದ ಪಾಟ್ವಿನ್ ಎಂಬ ಪುಟ್ಟ ಊರಿನ ಬಳಿ ಒಂದು ತೋಟದ ಮನೆ. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ‘ಅಮೆರಿಕದ್ದು’ ಎಂಬುದರ ಹೊರತು ಬೇರೇನೂ ತಿಳಿಯದ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಗುರುತು ಹಾಕಿತ್ತು. ಆ ಬಿಂದು ಬಿದ್ದದ್ದು ಈ ತೋಟದ ಮೇಲೆ! 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಒಂದೇ ಮನೆಗೆ ಅಂಟಿಕೊಂಡವು. ಎಲ್ಲೋ ನಡೆದ ವಂಚನೆಗೆ, ಕಳ್ಳತನಕ್ಕೆ, ಪೊಲೀಸರು ವರ್ಷಗಟ್ಟಲೆ ಇವರ ಬಾಗಿಲು ಬಡಿದರು. 2016ರಲ್ಲಿ ಪತ್ರಕರ್ತರು ಹೊರಗೆಡವಿದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವೆ ಇಟ್ಟಿತು. ಯಾರ ಮನೆಯೂ ಇಲ್ಲದ ಜಾಗ!

ಆದ್ದರಿಂದ, ಬಂಧುಗಳೇ, ಊರಿನ ಆಸೆ ಬಿಡಿ. ದೇಶ, ರಾಜ್ಯ ಸಾಕು.

ಈಗ ಮಾಡಬೇಕಾದ್ದು ಏನು? ಬರೆದುಕೊಳ್ಳಿ.

ಒಂದನೆಯದು: ನಿಮ್ಮ ಸರ್ವರಿನ ಲಾಗ್‌ನಲ್ಲೇ ಲೆಕ್ಕವಿದೆ. ಹೊಸ ತುಣುಕು ಬೇಡ, ಕುಕಿ ಬೇಡ. ಗೋ‌ಆಕ್ಸೆಸ್‌ನಂಥ ಮುಕ್ತ ತಂತ್ರಾಂಶ ಆ ಲಾಗ್ ಓದಿ, ಆ ಆಯ್ಕೆ ಹಾಕಿದರೆ ವಿಳಾಸದ ಕೊನೆಯ ಭಾಗ ಅಳಿಸಿ ಪಟ್ಟಿ ಮಾಡಿಕೊಡುತ್ತದೆ. ಯಂತ್ರಗಳ ಭೇಟಿಯೂ ಇದರಲ್ಲಿ ಸೇರುತ್ತದೆ, ಅದನ್ನು ಕಳೆದು ನೋಡಿ.

ಎರಡನೆಯದು: ಇನ್ನಷ್ಟು ಸಲೀಸಾದ ಲೆಕ್ಕ ಬೇಕೆ? ಮಟೋಮೋ, ಪ್ಲಾಸಿಬಲ್, ಗೋಟ್‌ಕೌಂಟರ್ ಇವೆ. ಮೂರೂ ಮುಕ್ತ ತಂತ್ರಾಂಶ, ಮೂರನ್ನೂ ನಿಮ್ಮ ಸ್ವಂತ ಸರ್ವರಿನಲ್ಲೇ ಕೂರಿಸಬಹುದು. ಮಟೋಮೋದಲ್ಲಿ ಕುಕಿ ನಿಲ್ಲಿಸುವ, ವಿಳಾಸ ಮೊಟಕುಗೊಳಿಸುವ ಆಯ್ಕೆ ನೀವೇ ನೋಡಿ ಹಾಕಬೇಕು. ಪ್ಲಾಸಿಬಲ್ ಕುಕಿಯನ್ನೇ ಇಡುವುದಿಲ್ಲ. ಓದುಗನ ವಿಳಾಸ, ಬ್ರೌಸರ್ ಹೆಸರು, ತಾಣದ ಹೆಸರು, ಜೊತೆಗೊಂದು ಗುಟ್ಟಿನ ಸಂಖ್ಯೆ, ಇಷ್ಟನ್ನೂ ಸೇರಿಸಿ ಬೀಸಿಬಿಡುತ್ತದೆ. ಬೀಸಿದ ರಾಗಿ ಹಿಟ್ಟು ಮತ್ತೆ ಕಾಳಾಗುವುದಿಲ್ಲವಷ್ಟೇ? ಆದರೆ ಎಚ್ಚರ! ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಗುಟ್ಟಿನ ಸಂಖ್ಯೆ ಕೈಯಲ್ಲಿದ್ದವನು ಒಂದೊಂದನ್ನೇ ಬೀಸಿ ನೋಡಿ ಹೊಂದಿಸಿಬಿಡಬಹುದು. ಅದಕ್ಕೇ ಆ ಸಂಖ್ಯೆಯನ್ನು ದಿನಕ್ಕೊಮ್ಮೆ ಅಳಿಸಿ ಹೊಸದು ಮಾಡುತ್ತಾರೆ. ನಿನ್ನೆಯ ಓದುಗನೇ ಇಂದಿನ ಓದುಗ ಎಂದು ಯಾರೂ ಹೇಳಲಾರರು. ನಿಮಗೂ ಆಗದು. ಆ ಅಜ್ಞಾನವೇ ಓದುಗನ ರಕ್ಷಣೆ.

ಮೂರನೆಯದು: ದೇಶ, ರಾಜ್ಯ ಹುಡುಕುವ ಕೋಷ್ಟಕವನ್ನು ನಿಮ್ಮ ಸರ್ವರಿಗೇ ಇಳಿಸಿಕೊಳ್ಳಿ. ಪ್ರತಿ ಓದುಗನ ವಿಳಾಸವನ್ನು ಹೊರಗಿನವನಿಗೆ ಕಳಿಸಿ ‘ಇವನು ಎಲ್ಲಿಯವನು’ ಎಂದು ಕೇಳಬೇಡಿ. ಉತ್ತರ ಸಿಕ್ಕ ಮೇಲೆ ಎಣಿಕೆಯಲ್ಲಿ ವಿಳಾಸ ಉಳಿಸಬೇಡಿ.

ನಾಲ್ಕನೆಯದು: ಯಾವ ದಾರಿಯಿಂದ ಬಂದರು ಎಂಬುದು. 2020ರಿಂದ ಕ್ರೋಮ್, 2021ರಿಂದ ಫೈರ್‌ಫಾಕ್ಸ್, ಬೇರೆ ತಾಣದಿಂದ ಬಂದಾಗ ಆ ತಾಣದ ಹೆಸರಷ್ಟನ್ನೇ ಹೇಳುತ್ತವೆ, ಪೂರ್ತಿ ಪುಟದ ವಿಳಾಸ ಹೇಳುವುದಿಲ್ಲ. ಒಳ್ಳೆಯದೇ ಆಯಿತು. ವಾಟ್ಸಾಪ್‌ನಲ್ಲಿ ಒತ್ತಿ ಬಂದವರ ಸುಳಿವು ಸಾಮಾನ್ಯವಾಗಿ ಸಿಗುವುದೇ ಇಲ್ಲ, ‘ನೇರ ಬಂದವರು’ ಎಂದು ದಾಖಲಾಗುತ್ತದೆ. ಅದಕ್ಕೆ ಉಪಾಯ ಸರಳ. ಕರಪತ್ರಕ್ಕೆ ಒಂದು ಕೊಂಡಿ, ವಾಟ್ಸಾಪಿಗೆ ಒಂದು ಕೊಂಡಿ, ಹೀಗೆ ಬಾಲ ಬೇರೆ ಬೇರೆ ಮಾಡಿ ಹಂಚಿ. ಆದರೆ ಆಳಿಗೊಂದು ಕೊಂಡಿ ಮಾಡಬೇಡಿ. ಅದು ಎಣಿಕೆಯಲ್ಲ, ಬೇಹುಗಾರಿಕೆ!

ಐದನೆಯದು: ಸಣ್ಣ ಸಂಖ್ಯೆಗಳನ್ನು ಮುಚ್ಚಿ. ‘ಐಸ್‌ಲೆಂಡಿನಿಂದ ಒಬ್ಬರು’ ಎಂದು ಪ್ರಕಟಿಸಿದರೆ ಅಲ್ಲಿರುವ ಕನ್ನಡಿಗರಿಗೆ ಆ ಒಬ್ಬರು ಯಾರೆಂದು ಗೊತ್ತಾಗಿಬಿಡಬಹುದು. ಹತ್ತಕ್ಕಿಂತ ಕಡಿಮೆ ಇದ್ದುದನ್ನೆಲ್ಲ ‘ಇತರೆ’ ಎಂದು ಒಟ್ಟುಮಾಡಿ.

ಆರನೆಯದು: ಹಿತ್ತಿಲ ಬಾಗಿಲು ನೋಡಿ. ಎಣಿಕೆಯ ತುಣುಕು ಕಿತ್ತರೂ, ಹೊರಗಿನ ವಿಡಿಯೋ, ಹಂಚಿಕೆಯ ಗುಂಡಿ, ಅಕ್ಷರಗಳು ಓದುಗನ ವಿಳಾಸವನ್ನು ಹೊರಗೊಯ್ಯುತ್ತವೆ. ಹೌದು, ಅಕ್ಷರಗಳು! 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ, ಗೂಗಲ್ ಫಾಂಟನ್ನು ಹೊರಗಿನಿಂದ ತರಿಸಿ ಓದುಗನ ವಿಳಾಸ ದಾಟಿಸಿದ ತಾಣಕ್ಕೆ 100 ಯೂರೋ ಪರಿಹಾರ ಕೊಡಲು ಹೇಳಿತು. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯ ಅಕ್ಷರಗಳು. ಇಳಿಸಿಕೊಂಡು ನಿಮ್ಮ ಸರ್ವರಿನಲ್ಲೇ ಇಡಿ. ನಮ್ಮ ಕನ್ನಡ ಅಕ್ಷರ ನಮ್ಮ ಓದುಗನ ಮೇಲೆ ಚಾಡಿ ಹೇಳಬಾರದು.

ಲಾಗ್ ಪೂರ್ತಿ ಅಳಿಸಿಬಿಡೋಣವೇ ಎಂದು ಕೇಳುವವರಿದ್ದೀರಿ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವೆ ಕೊಡುವವರು, ಡೇಟಾ ಕೇಂದ್ರಗಳು, ಸಂಸ್ಥೆಗಳು 180 ದಿನಗಳ ಲಾಗ್ ಇಡಬೇಕು. ಭದ್ರತೆಗೆ ಇಟ್ಟಿದ್ದನ್ನು ಭದ್ರತೆಗೇ ಇಡಿ. ಅದರ ಬೀಗದ ಕೈ ಒಬ್ಬಿಬ್ಬರ ಬಳಿ ಮಾತ್ರ ಇರಲಿ. ಎಣಿಕೆಯ ಲೆಕ್ಕ ಬೇರೆ, ಕಾವಲಿನ ಲೆಕ್ಕ ಬೇರೆ.

ಇದು ಪರದೇಶದವರ ಚಿಂತೆ, ನಮಗೇಕೆ ಎನ್ನಬೇಡಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆ ಮೊಕದ್ದಮೆ ಯಾರ ಹೆಸರಿನಲ್ಲಿದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ! ಇಳಿವಯಸ್ಸಿನಲ್ಲಿ ಅವರು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕನ್ನು ನಮ್ಮ ತಾಣಗಳಲ್ಲೇ ನಾವು ಮುರಿಯುವುದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು ಎನ್ನುತ್ತದೆ ಕಾಯಿದೆ. ಕನ್ನಡ ಆ ಅನುಸೂಚಿಯಲ್ಲಿದೆ. ಇದು ಭಿಕ್ಷೆಯಲ್ಲ, ಕಾಯಿದೆ ಕೊಟ್ಟ ಹಕ್ಕು. ಕೇಳುವ ಮೊದಲು ನಮ್ಮ ತಾಣಗಳಲ್ಲಿ ನಾವೇ ಕನ್ನಡದಲ್ಲಿ ಬರೆದು ತೋರಿಸೋಣ.

ಕೊನೆಯ ಮಾತು ಓದುಗರಾದ ನಿಮಗೆ. ಬ್ರೌಸರ್ ಹೇಳುವ ಮೂರನೆಯ ಸಂಗತಿ ನೆನಪಿದೆಯೇ? ಭಾಷೆ! ನಿಮ್ಮ ಫೋನು ಇಂಗ್ಲಿಷಿನಲ್ಲಿದ್ದರೆ, ನೀವು ಕನ್ನಡ ಪುಟ ಓದುತ್ತಿದ್ದರೂ ಅದು ‘ಇವರಿಗೆ ಇಂಗ್ಲಿಷ್ ಸಾಕು’ ಎಂದೇ ಹೋದಲ್ಲೆಲ್ಲ ಹೇಳುತ್ತದೆ. ಕನ್ನಡಕ್ಕೆ ಬದಲಿಸಿ. ಹೆಸರು ಹೇಳದೆ, ಊರು ಹೇಳದೆ, ನೀವು ತೆರೆಯುವ, ಭಾಷೆಯನ್ನು ಎಣಿಸುವ ತಾಣಗಳ ಲೆಕ್ಕದಲ್ಲಿ ಕನ್ನಡ ಒಂದು ಎಂದು ಬೀಳುತ್ತದೆ. ಹಾಗೆ ಬದಲಿಸಿದವರು ಕೆಲವರೇ ಇದ್ದರೆ ಅವರನ್ನು ಗುರುತು ಹಿಡಿಯುವುದು ಸುಲಭ ಎಂಬುದೂ ನಿಜ. ಅದಕ್ಕೆ ಮದ್ದು ಒಂದೇ: ಎಲ್ಲರೂ ಬದಲಿಸುವುದು. ಜಾತ್ರೆಯಲ್ಲಿ ಯಾರ ಮುಖವೂ ಎದ್ದು ಕಾಣುವುದಿಲ್ಲ, ಆದರೆ ಜಾತ್ರೆ ಎಲ್ಲರಿಗೂ ಕಾಣುತ್ತದೆ.

ನಾನು ಆ ತುಣುಕನ್ನು ಕಿತ್ತು ಹಾಕಿದೆ. ಆ ಹೆಣ್ಣುಮಗಳಿಗೆ ಫೋನ್ ಮಾಡಿ, “ತಂಗೀ, ಈಗ ಉತ್ತರ ಹೇಳುತ್ತೇನೆ. ಎಣಿಕೆಯಲ್ಲಿ ನಿಮ್ಮ ವಿಳಾಸ ಉಳಿಯುವುದಿಲ್ಲ, ಹೊರಗಿನವರ ಕೈಗೂ ಹೋಗುವುದಿಲ್ಲ. ಕಾವಲಿನ ಲಾಗ್ ಬೀಗದಲ್ಲಿರುತ್ತದೆ, ಅವಧಿ ಮುಗಿದ ದಿನ ಅಳಿಯುತ್ತದೆ. ಆ ಹಿಂದೆ ಹೊರಗೆ ಹೋದದ್ದನ್ನು ಮರಳಿ ತರಲು ನನ್ನಿಂದ ಆಗದು, ಕ್ಷಮಿಸಿ” ಎಂದೆ. ನಿಮ್ಮ ಓದುಗರು ನಾಳೆ ನಿಮ್ಮನ್ನೂ ಕೇಳುತ್ತಾರೆ. ಉತ್ತರ ಸಿದ್ಧವಿರಲಿ.