ಗಂಟಿನಲ್ಲಿ ಬಂದ ಮಾತು
(ನೈರೋಬಿಯಲ್ಲಿ ಕನ್ನಡ ಪಾಲಕರ ಮುಂದೆ ಮಾಡಿದ ಭಾಷಣ)



ಶಾಲೆಯಲ್ಲಿ ಮಗುವನ್ನು ‘ಮುಹಿಂದಿ’ ಎಂದು ಹಂಗಿಸಿದರೆಂದು ನಮ್ಮಲ್ಲಿ ಹಲವರು ನೊಂದಿದ್ದೇವೆ. ಸ್ವಾಹಿಲಿಯಲ್ಲಿ ಅದಕ್ಕೆ ಭಾರತೀಯ ಎಂದಷ್ಟೇ ಅರ್ಥ. ಇರಿಯುವುದು ಹೇಳುವ ದನಿ. ಆ ನೋವು ನಿಜ. ಆದರೆ ಆಫ್ರಿಕನ್ ಸಹಪಾಠಿಯ ಕೂದಲು, ಮೈಬಣ್ಣಗಳ ಬಗ್ಗೆ ನಮ್ಮ ಮಕ್ಕಳು ಆಡುವ ಮಾತಿಗೆ ಕಿವಿಗೊಟ್ಟಿದ್ದೇವೆಯೆ? ಅದನ್ನು ಅವರು ಕಲಿತದ್ದು ನಮ್ಮ ಮನೆಗಳಲ್ಲಿ.

ವಸಾಹತು ಆಡಳಿತವು ಕೀನ್ಯಾದಲ್ಲಿ ಯುರೋಪಿಯನ್, ಏಷ್ಯನ್, ಆಫ್ರಿಕನ್ ಮಕ್ಕಳಿಗೆ ಬೇರೆ ಬೇರೆ ಶಾಲೆಗಳನ್ನು ನಡೆಸಿತು. ನಡುವಿನ ಮೆಟ್ಟಿಲು ನಮ್ಮದಾಗಿತ್ತು. 1963ರಲ್ಲಿ ಸ್ವಾತಂತ್ರ್ಯ ಬಂದಿತು. ನಮ್ಮ ಮನಸ್ಸು ಮಾತ್ರ ಆ ಮೆಟ್ಟಿಲಿಂದ ಇನ್ನೂ ಇಳಿದಿಲ್ಲ.

ಊರಿನ ಕಡೆ ನೋಡಿ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳ ಪೂರ್ವಿಕರಲ್ಲಿ ಬಹಳಷ್ಟು ಮಂದಿಯನ್ನು ಇದೇ ಖಂಡದಿಂದ ಗುಲಾಮರನ್ನಾಗಿ ತಂದರು. ತಲೆಮಾರುಗಳಿಂದ ನಮ್ಮ ನೆಲದವರೇ ಆದರೂ ಗುಂಗುರು ಕೂದಲಿಗಾಗಿ ಅವರ ಮಕ್ಕಳು ಹೀಯಾಳಿಕೆ ಉಂಡರು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಆದುದರಿಂದ ಈ ಮಾತು ನೈರೋಬಿಯಲ್ಲಿ ಹುಟ್ಟಿದ್ದಲ್ಲ; ನಮ್ಮ ಗಂಟಿನಲ್ಲೇ ಬಂದದ್ದು.

ಈ ದೇಶದ 2010ರ ಸಂವಿಧಾನದ 27ನೆಯ ವಿಧಿ ತಾರತಮ್ಯವನ್ನು ನಿಷೇಧಿಸುತ್ತದೆ. 2013ರ ಮೂಲ ಶಿಕ್ಷಣ ಕಾಯಿದೆ ವಿದ್ಯಾರ್ಥಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಕೂಡದು ಎನ್ನುತ್ತದೆ. ನಮ್ಮ ಮಗು ನೊಂದಾಗ ಈ ಕಾನೂನನ್ನು ಹಿಡಿದು ಮುಖ್ಯೋಪಾಧ್ಯಾಯರ ಬಳಿ ಹೋಗೋಣ. ನಮ್ಮ ಮಗುವೇ ನೋಯಿಸಿತೆಂಬ ದೂರು ಬಂದಾಗ, ಮಕ್ಕಳಾಟವೆಂದು ತಳ್ಳಿಹಾಕದೆ, ಅದರ ಕೈಹಿಡಿದು ಅದೇ ಬಾಗಿಲಿಗೆ ಹೋಗೋಣ. ಮೊದಲನೆಯದು ನಮ್ಮ ಹಕ್ಕು. ಎರಡನೆಯದಿಲ್ಲದೆ ಅದು ಬರಿಯ ಸ್ವಾರ್ಥ.