ನಾಟಿಲಸ್ ಹಡಗಿನ ರಾಜಪುತ್ರ

ಬೆಳಗಾವಿಯವರು ಕಡಲನ್ನು ಕಾಣಬೇಕಾದರೆ ಖಾನಾಪುರದ ಕಾಡು ಹಾದು ಘಟ್ಟವಿಳಿಯಬೇಕು. ಮಲಪ್ರಭೆಯಂತೂ ಕಣಕುಂಬಿಯಲ್ಲಿ ಹುಟ್ಟಿ, ಸಮೀಪದ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ನಡೆದಿದ್ದಾಳೆ. ಅದರಿಂದಲೋ ಏನೋ, ಕಡಲಾಳದ ಕಥೆಯೆಂದರೆ ನನಗೆ ಬಾಲಕರ ಆಸೆ. ಡಿಸ್ನಿ ಸಂಸ್ಥೆ 1954ರಲ್ಲಿ ತೆರೆಗೆ ತಂದ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ದಣಿವಿಲ್ಲ.

ರಿಚರ್ಡ್ ಫ್ಲೈಷರ್ ನಿರ್ದೇಶಿಸಿದ ಈ ಚಿತ್ರದಲ್ಲಿ ನಾಟಿಲಸ್ ಎಂಬ ಜಲಾಂತರ್ಗಾಮಿ ಯಂತ್ರವೆನಿಸುವುದಿಲ್ಲ. ಬೆನ್ನ ಮೇಲೆ ಮುಳ್ಳೆದ್ದ, ಕಣ್ಣು ಹೊಳೆಯುವ ಮೊಸಳೆಯೆನಿಸುತ್ತದೆ. ಅದರ ಹೊಟ್ಟೆಯೊಳಗೆ ಪುಸ್ತಕಗಳ ಸಾಲು, ಆರ್ಗನ್ ವಾದ್ಯ. ವಾದ್ಯದ ಮುಂದೆ ಕುಳಿತು ಬಾಖ್‌ನನ್ನು ನುಡಿಸುವ ಕ್ಯಾಪ್ಟನ್ ನೆಮೋ, ಅಂದರೆ ಜೇಮ್ಸ್ ಮೇಸನ್. ದೈತ್ಯ ಸ್ಕ್ವಿಡ್ಡಿನೊಡನೆ ನಡೆಯುವ ಕಾಳಗವನ್ನು ಮೊದಲು ಶಾಂತ ಕಡಲಿನ ಸಂಜೆಬೆಳಕಿನಲ್ಲಿ ಚಿತ್ರಿಸಿದರಂತೆ. ಪ್ರಾಣಿಯನ್ನಾಡಿಸುವ ತಂತಿಗಳೆಲ್ಲ ಕಂಡುಬಿಟ್ಟವು! ರಾತ್ರಿಯನ್ನೂ ಬಿರುಗಾಳಿಯನ್ನೂ ಸೃಷ್ಟಿಸಿ ಮತ್ತೆ ತೆಗೆದರು. ಕತ್ತಲೆಯಲ್ಲಿ ಬೊಂಬೆಗೆ ಜೀವ ಬಂದಿತು. ಚಿತ್ರಕ್ಕೆ ಎರಡು ಆಸ್ಕರ್‌ಗಳೂ ಬಂದವು.

ಆದರೆ ಈ ನೆಮೋ ಯಾರು? ಮಡದಿ ಮಕ್ಕಳನ್ನು ಕಳೆದುಕೊಂಡು ಸೆರೆಯಿಂದ ತಪ್ಪಿಸಿಕೊಂಡವನೆಂದಷ್ಟೇ ಚಿತ್ರ ಹೇಳುತ್ತದೆ, ನಾಡಿನ ಹೆಸರೆತ್ತುವುದಿಲ್ಲ. ಜೂಲ್ಸ್ ವರ್ನ್ ಮೊದಲು ಅವನನ್ನು ಪೋಲೆಂಡಿನವನನ್ನಾಗಿ ಮಾಡಬಯಸಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ಮುಂದೆ ‘ದ ಮಿಸ್ಟೀರಿಯಸ್ ಐಲೆಂಡ್’ ಕಾದಂಬರಿಯಲ್ಲಿ ಗುಟ್ಟು ಒಡೆಯಿತು. ನೆಮೋ ಬುಂದೇಲಖಂಡದ ರಾಜಪುತ್ರ ಡಕ್ಕಾರ್. 1857ರ ದಂಗೆಯಲ್ಲಿ ಕಾದಿ ಸರ್ವಸ್ವವನ್ನೂ ಕಳೆದುಕೊಂಡವನು. ಸಾಲದೆಂಬಂತೆ ನಮ್ಮ ಟೀಪೂ ಸುಲ್ತಾನನ ಬಂಧು! ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎತ್ತಣ ನೆಂಟಸ್ತಿಕೆಯೆಂದು ಕೇಳಬಾರದು. ಅದು ಕಾದಂಬರಿಕಾರನ ವಂಶಾವಳಿ. 1916ರ ಮೂಕಿಚಿತ್ರ ಈ ಭಾರತೀಯ ರಾಜಪುತ್ರನನ್ನು ಉಳಿಸಿಕೊಂಡಿತ್ತು. ಡಿಸ್ನಿಯವರು ಕೈಬಿಟ್ಟದ್ದು ನನಗೆ ಸಣ್ಣ ನಷ್ಟವಾಗಿ ತೋರುವುದಿಲ್ಲ.

ಏಕೆಂದರೆ ಸೋತ ಬಂಡುಕೋರರನ್ನು ನಮ್ಮ ಸೀಮೆ ಬಲ್ಲದು. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಬೆಳಗಾವಿಯಲ್ಲಿ 1858ರ ಜೂನ್ 12ರಂದು ನರಗುಂದದ ಬಾಬಾಸಾಹೇಬನನ್ನು. ಇವರಿಗೆ ಮುಳುಗಿ ಮರೆಯಾಗಲು ಹಡಗಿರಲಿಲ್ಲ. ಫ್ರಾನ್ಸಿನ ಲೇಖಕನೊಬ್ಬ ಅಂಥವನೊಬ್ಬನಿಗೆ ಹಡಗನ್ನೂ ಗ್ರಂಥಭಂಡಾರವನ್ನೂ ಸಪ್ತಸಾಗರಗಳನ್ನೂ ಕೊಟ್ಟ. ಆ ಸಂತೋಷದಲ್ಲಿ ಚಿತ್ರ ನೋಡುತ್ತಿರುವಾಗಲೇ ನಾಟಿಲಸ್ ಒಂದು ಹಡಗನ್ನು ಸೀಳುತ್ತದೆ. ಮುಳುಗುವವರು ಸಂಬಳದ ನಾವಿಕರು. ಅವರು ನೆಮೋವಿನ ಮನೆ ಸುಟ್ಟವರಲ್ಲ. ನಗುನಗುತ್ತ ಹಾಡುವ ಕರ್ಕ್ ಡಗ್ಲಸ್‌ನ ಕಡೆಗೆ ನನ್ನ ಮನಸ್ಸು ವಾಲುವುದು ಅಲ್ಲಿ ಮಾತ್ರ.

ವರ್ನನ ಡಕ್ಕಾರ್ ದ್ವೀಪದ ಗುಹೆಯೊಂದರಲ್ಲಿ ಮುದುಕನಾಗಿ ಸಾಯುತ್ತಾನೆ. ನಾಟಿಲಸ್ಸೇ ಅವನ ಗೋರಿಯಾಗಿ ನೀರಿನಡಿಗೆ ಇಳಿಯುತ್ತದೆ. ನಂದಗಡದ ಸಮಾಧಿಗೆ ಹರಕೆ ಹೊತ್ತು ಬರುವವರು ಇಂದಿಗೂ ಇದ್ದಾರೆ.